ಕಡೆಯ ಬಂಡಿಯ ವೇಗ

ಹತ್ತಾರು ಕಾರುಗಳು ಒಂದೇ ದಿನ ಒಂದೇ ದಾರಿ ಹಿಡಿದು, ಒಂದರ ಹಿಂದೊಂದು ಸಾಗಿ, ಮಧ್ಯಾಹ್ನದ ಹೊತ್ತಿಗೆ ಹೊಳೆದಂಡೆಯಲ್ಲೋ ತೋಪಿನಲ್ಲೋ ನಿಂತು, ತಂದ ಬುತ್ತಿಯನ್ನು ಎಲ್ಲರೂ ಕೂಡಿ ಉಂಡು, ಹೊತ್ತು ಮುಳುಗುವ ಮೊದಲು ಮನೆ ಸೇರುವ ವಿಹಾರವನ್ನು ಕಾರ್ ಕ್ಲಬ್ಬುಗಳು ‘ಸೋಷಿಯಲ್ ಡ್ರೈವ್’ ಎಂದು ಕರೆಯುತ್ತವೆ. ಕನ್ನಡದಲ್ಲಿ ಇದನ್ನು ಕೂಡುಸವಾರಿ ಎನ್ನಲು ಅಡ್ಡಿಯಿಲ್ಲ. ಇದರಲ್ಲಿ ಗೆಲ್ಲುವವರೂ ಸೋಲುವವರೂ ಇರುವುದಿಲ್ಲವಾದ್ದರಿಂದ ಇದನ್ನು ಪಂದ್ಯದಿಂದ ಬೇರ್ಪಡಿಸಿ ನೋಡಬೇಕಾಗುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 189ನೇ ಕಲಮು ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವೇಗದ ಸ್ಪರ್ಧೆ ನಡೆಸುವುದನ್ನೂ ಅದರಲ್ಲಿ ಪಾಲ್ಗೊಳ್ಳುವುದನ್ನೂ ಶಿಕ್ಷಾರ್ಹವೆಂದು ಹೇಳುತ್ತದೆ. ಗೆಳೆಯರ ಸಾಲಿನಲ್ಲಿ ಇಬ್ಬರು ಹುರುಪಿಗೆ ಬಿದ್ದು ಪೈಪೋಟಿಗಿಳಿದರೆ ವಿಹಾರ ಅಪರಾಧವಾಗಲು ಹೆಚ್ಚು ಹೊತ್ತು ಬೇಕಾಗದು.

ಪಂದ್ಯ ಮತ್ತು ವಿಹಾರಗಳ ಈ ಗೆರೆ ಮೋಟಾರಿನ ಇತಿಹಾಸದ ಮೊದಲ ದಿನಗಳಲ್ಲಿ ಇಷ್ಟು ಗಟ್ಟಿಯಾಗಿರಲಿಲ್ಲ. 1894ರ ಜುಲೈ 22ರಂದು ಪ್ಯಾರಿಸ್ಸಿನಿಂದ ರುವಾನ್ ಪಟ್ಟಣದವರೆಗೆ, ಸುಮಾರು 126 ಕಿಲೋಮೀಟರ್ ದೂರ, ಒಂದು ಫ್ರೆಂಚ್ ದಿನಪತ್ರಿಕೆ ಏರ್ಪಡಿಸಿದ ಓಟವನ್ನು ಜಗತ್ತಿನ ಮೊದಲ ಮೋಟಾರು ಸ್ಪರ್ಧೆಗಳಲ್ಲಿ ಒಂದೆಂದು ಎಣಿಸುತ್ತಾರೆ. ಆದರೆ ಅದರ ವೇಳಾಪಟ್ಟಿಯಲ್ಲಿ ಮಾಂತ್ ಎಂಬ ಊರಿನಲ್ಲಿ ಎಲ್ಲ ವಾಹನಗಳೂ ನಿಂತು ಮಧ್ಯಾಹ್ನದ ಊಟ ಮುಗಿಸಿ ಹೊರಡಬೇಕೆಂಬ ಏರ್ಪಾಡಿತ್ತು. ರುವಾನನ್ನು ಎಲ್ಲರಿಗಿಂತ ಮೊದಲು ಮುಟ್ಟಿದ್ದು ಒಂದು ಉಗಿಬಂಡಿ. ಆದರೂ ಅದಕ್ಕೆ ಒಲೆಯುರಿಸುವ ಇನ್ನೊಬ್ಬ ಆಳು ಬೇಕೆಂಬ ಕಾರಣಕ್ಕೆ ಮೊದಲ ಬಹುಮಾನ ಅದಕ್ಕೆ ಸಿಗದೆ, ಸುಲಭವಾಗಿ ನಡೆಸಬಹುದಾದ ಪೆಟ್ರೋಲ್ ಗಾಡಿಗಳನ್ನು ಕಟ್ಟಿದ ಪೂಜೋ ಹಾಗೂ ಪನಾರ್ ಕಂಪನಿಗಳಿಗೆ ಹಂಚಿಹೋಯಿತು. ಅದಕ್ಕೂ ಆರು ವರ್ಷ ಮೊದಲು, 1888ರ ಆಗಸ್ಟಿನಲ್ಲಿ, ಕಾರಿನ ಜನಕ ಕಾರ್ಲ್ ಬೆಂಜ್‌ನ ಮಡದಿ ಬೆರ್ಟಾ ಬೆಂಜ್ ತನ್ನ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮಿನಿಂದ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ತವರೂರಿಗೆ ಹೊರಟಾಗ, ದಾರಿಯಲ್ಲಿ ಇಂಧನ ಮುಗಿದು ಔಷಧದಂಗಡಿಯಲ್ಲಿ ಕೊಳ್ಳಬೇಕಾಯಿತು. ಮೋಟಾರಿನ ಮೊದಲ ದೂರಪಯಣ ಅಂದರೆ ತವರಿಗೆ ಹೋದದ್ದೇ.

ಇವೆಲ್ಲ ದೂರದ ಮಾತಾದವು. ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳ ಸೀಮೆಯಲ್ಲಿ ಕಾರ್ ಕ್ಲಬ್ ಎಂಬ ಮಾತು ಬೆಂಗಳೂರಿನಿಂದ ಬಂದ ಹೊಸ ಶೋಕಿಯಂತೆ ಕೇಳಿಸೀತು. ಆದರೆ ವಾಹನಗಳ ಸಾಲು ಕಟ್ಟಿಕೊಂಡು ಊರಾಚೆ ಹೋಗಿ ಕೂಡಿ ಉಂಡು ಬರುವ ವಿದ್ಯೆ ಈ ಸೀಮೆಗೆ ಹೊಸದಲ್ಲ. ಮಾರ್ಗಶಿರ ಮಾಸದ ಕೊನೆಯ ದಿನ, ಅಂದರೆ ಸಾಮಾನ್ಯವಾಗಿ ಡಿಸೆಂಬರ್‌ನಲ್ಲೋ ಜನವರಿಯ ಮೊದಲ ವಾರಗಳಲ್ಲೋ ಬರುವ ಎಳ್ಳ ಅಮಾವಾಸ್ಯೆಯಂದು ಉತ್ತರ ಕರ್ನಾಟಕದ ಒಕ್ಕಲು ಮನೆತನಗಳು ಬಂಡಿ ಹೂಡಿಕೊಂಡು ಹೊಲಕ್ಕೆ ಹೋಗಿ, ಬನ್ನಿ ಮರದ ಬುಡದಲ್ಲೋ ಬೆಳೆಯ ನಡುವೆಯೋ ಐದು ಕಲ್ಲುಗಳನ್ನು ಪಾಂಡವರೆಂದು ಇಟ್ಟು ಪೂಜಿಸಿ, ತಂದ ಅಡಿಗೆಯ ಒಂದೊಂದು ಪಾಲನ್ನು ಕಲಸಿ ಹೊಲದ ನಾಲ್ಕೂ ಬದಿಗೆ ಎರಚುತ್ತವೆ. ಭೂಮಿತಾಯಿಗೆ ಸಲ್ಲುವ ಈ ಎಡೆಗೆ ಚರಗ ಎಂದು ಹೆಸರು, ಎರಚುವುದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ಸಂಕ್ರಾಂತಿಗೆ ಇದೇ ಮನೆತನಗಳು ಹೊಳೆಯತ್ತ ಮುಖ ಮಾಡುತ್ತವೆ. ಎಳ್ಳು ಹಚ್ಚಿಕೊಂಡು ಕೃಷ್ಣೆಯಲ್ಲೋ ತುಂಗಭದ್ರೆಯಲ್ಲೋ ಮಿಂದು ದಂಡೆಯಲ್ಲೇ ಬುತ್ತಿ ಬಿಚ್ಚುವ ರೂಢಿ ರಾಯಚೂರು ಜಿಲ್ಲೆಯಲ್ಲಿ ಬಲವಾಗಿದೆ. ಇಂದು ಬಂಡಿಯ ಜಾಗಕ್ಕೆ ಟ್ರ್ಯಾಕ್ಟರು, ಕ್ರೂಸರು, ಕಾರುಗಳು ಬಂದಿವೆ.

ಬಂಡಿಗಳ ಕಾಲದ ಏರ್ಪಾಡನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಲೇಸು, ಏಕೆಂದರೆ ಕಾರಿನವರು ಮರೆತಿರುವುದು ಅದರಲ್ಲೇ ಇದೆ. ಹಿಂದಿನ ದಿನವೇ ಅಚ್ಚಿಗೆ ಎಣ್ಣೆ ಉಣ್ಣಿಸಿ, ಗಾಲಿ ತಿರುಗಿಸಿ ನೋಡಿ, ನೊಗದ ಹಗ್ಗಗಳನ್ನು ಬಿಗಿದು ಇಡುತ್ತಿದ್ದರು. ಸಾಲಿನ ಮುಂದೆ ಹೋಗುವ ಬಂಡಿಗೆ ದಾರಿ ಬಲ್ಲ, ಹಳ್ಳ ದಾಟುವಾಗ ಬೆದರದ ಎತ್ತುಗಳನ್ನು ಹೂಡುತ್ತಿದ್ದರು. ಅತಿ ಚುರುಕಿನ ಎತ್ತುಗಳಿಗೆ ಅಲ್ಲಿ ಜಾಗವಿರಲಿಲ್ಲ, ಅವುಗಳ ನಡಿಗೆಗೆ ಹಿಂದಿನ ಮುದಿ ಎತ್ತುಗಳು ಹೊಂದಲಾರವು ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಕಡೆಯ ಬಂಡಿಯಲ್ಲಿ ಅನುಭವಸ್ಥನೊಬ್ಬ ಇರಲೇಬೇಕು. ಯಾರ ಬಂಡಿಯ ಕಡೆಗೀಲು ಕಳಚಿದರೂ ಅವನ ಕಣ್ಣಿಗೆ ಬೀಳುತ್ತದೆ, ಯಾರ ಮನೆಯ ಕೂಸು ಇಳಿದು ಹಿಂದುಳಿದರೂ ಅವನ ಬಂಡಿ ಎತ್ತಿಕೊಳ್ಳುತ್ತದೆ. ಕಡೆಗೀಲು ಎಂದರೆ ಅಚ್ಚಿನ ತುದಿಯಲ್ಲಿ ಗಾಲಿ ಕಳಚಿ ಬೀಳದಂತೆ ತಡೆದು ನಿಲ್ಲಿಸುವ ಚಿಕ್ಕ ಕಬ್ಬಿಣದ ಮೊಳೆ. ಇಡೀ ಸಾಲಿಗೆ ಆ ಕಡೆಯ ಬಂಡಿಯೇ ಕಡೆಗೀಲು.

ಇದೇ ತತ್ತ್ವವನ್ನು ಇಂದಿನ ಕಾರ್ ಕ್ಲಬ್ಬುಗಳು ಬೇರೆ ಹೆಸರಿನಿಂದ ಪಾಲಿಸುತ್ತವೆ: ಮುಂದಿನ ಕಾರಿಗೆ ‘ಲೀಡ್’, ಕಡೆಯ ಕಾರಿಗೆ ‘ಸ್ವೀಪ್’, ಅಂದರೆ ದಾರಿಯನ್ನು ಗುಡಿಸಿಕೊಂಡು ಬರುವ ಕಾರು. ಲೀಡ್ ಕಾರಿಗೆ ಹೊಚ್ಚಹೊಸ, ಬಲಶಾಲಿ ಗಾಡಿಯನ್ನು ಆರಿಸುವ ಚಪಲ ಸಂಘಟಕರಿಗೆ ಸಹಜವಾಗಿ ಇರುತ್ತದೆ. ಅದನ್ನು ತಡೆದುಕೊಳ್ಳದಿದ್ದರೆ ಏನಾಗುತ್ತದೆ ಎಂಬುದನ್ನು ಸರಳ ಲೆಕ್ಕದಿಂದ ತೋರಿಸಬಹುದು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಸೆಕೆಂಡಿಗೆ ಸುಮಾರು 16.7 ಮೀಟರ್ ಕ್ರಮಿಸುತ್ತದೆ. ಮುಂದಿನ ಕಾರಿನಿಂದ ಮೂರು ಸೆಕೆಂಡಿನ ಅಂತರ ಇಡಬೇಕೆಂಬ ಸಾಮಾನ್ಯ ಸುರಕ್ಷತಾ ಸೂತ್ರವನ್ನು ಪಾಲಿಸಿದರೆ ಇಬ್ಬರ ನಡುವೆ 50 ಮೀಟರ್ ತೆರವು ಉಳಿಯುತ್ತದೆ, ಹಾಗಾಗಿ ಹನ್ನೆರಡು ಕಾರುಗಳ ಸಾಲು ಸುಮಾರು 600 ಮೀಟರ್ ಉದ್ದವಾಗುತ್ತದೆ. ಇನ್ನು ಈ ಸಾಲು ಒಂದು ರಸ್ತೆ ಉಬ್ಬನ್ನು ಹಾಯಬೇಕು. ಪ್ರತಿಯೊಂದು ಕಾರೂ ತನ್ನ ಮುಂದಿನದಕ್ಕಿಂತ ಐದೇ ಸೆಕೆಂಡು ಹೆಚ್ಚು ತಡಮಾಡಿತೆಂದು ಇಟ್ಟುಕೊಂಡರೂ ಹನ್ನೆರಡನೆಯ ಕಾರು 55 ಸೆಕೆಂಡು ಹಿಂದೆ ಬೀಳುತ್ತದೆ. ಮುಂದಿನವರು 60ರಲ್ಲೇ ಹೋಗುತ್ತಿದ್ದರೆ ಅಷ್ಟರಲ್ಲಿ ಅಂತರ ಮತ್ತೆ 900 ಮೀಟರ್ ಬೆಳೆದಿರುತ್ತದೆ. ಅದನ್ನು ತುಂಬಿಕೊಳ್ಳಲು ಕಡೆಯ ಚಾಲಕ 80ರ ವೇಗದಲ್ಲಿ ಎರಡೂಮುಕ್ಕಾಲು ನಿಮಿಷ, ಸುಮಾರು 3.7 ಕಿಲೋಮೀಟರ್ ಓಡಬೇಕು. ಅಷ್ಟರೊಳಗೆ ಈ ಸೀಮೆಯ ಯಾವ ರಸ್ತೆಯಲ್ಲಾದರೂ ಮತ್ತೊಂದು ಊರು, ಮತ್ತೊಂದು ಉಬ್ಬು ಬಂದೇ ಬರುತ್ತದೆ. ಹೀಗೆ ಮುಂದಿನವನು ಹಾಯಾಗಿ 60ರಲ್ಲಿ ಸಾಗುತ್ತಿರುವಾಗ ಕಡೆಯವನು ದಿನವಿಡೀ ಬೆನ್ನಟ್ಟುತ್ತಿರುತ್ತಾನೆ, ಅಪಘಾತವೆಂಬುದು ಆದರೆ ಅವನಿಗೇ ಆಗುತ್ತದೆ.

ಸಾಲಿನಲ್ಲಿ ತಡ ಹೀಗೆ ಹಿಂದಕ್ಕೆ ಹರಿಯುತ್ತ ದೊಡ್ಡದಾಗುವುದನ್ನು ಜಪಾನಿನ ಸುಗಿಯಾಮ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಣ್ಣಿಗೆ ಕಟ್ಟುವಂತೆ ತೋರಿಸಿದರು: 230 ಮೀಟರ್ ಸುತ್ತಳತೆಯ ವೃತ್ತದಲ್ಲಿ 22 ಕಾರುಗಳು ಒಂದೇ ವೇಗದಲ್ಲಿ ಸುತ್ತಬೇಕೆಂದು ಹೇಳಿದಾಗ, ಯಾವ ಅಡ್ಡಿಯೂ ಇಲ್ಲದಿದ್ದರೂ, ಸ್ವಲ್ಪ ಹೊತ್ತಿನಲ್ಲೇ ಕೆಲವು ಕಾರುಗಳು ಪೂರ್ತಿ ನಿಂತುಬಿಟ್ಟವು, ಮತ್ತು ಆ ನಿಲುಗಡೆಯೇ ಅಲೆಯಂತೆ ಹಿಂದಹಿಂದಕ್ಕೆ ಸರಿಯಿತು. ಆದ್ದರಿಂದ ಅನುಭವಿ ಸಂಘಟಕರು ಸಾಲನ್ನು ನಾಲ್ಕೈದು ಕಾರುಗಳ ಗುಂಪುಗಳಾಗಿ ಒಡೆದು, ಒಂದೊಂದು ಗುಂಪನ್ನು ಐದು ಹತ್ತು ನಿಮಿಷ ಬಿಟ್ಟು ಕಳಿಸಿ, ಪ್ರತಿಯೊಂದಕ್ಕೂ ಒಬ್ಬ ಮುಂದಾಳು ಮತ್ತು ಒಬ್ಬ ಹಿಂದಾಳನ್ನು ನೇಮಿಸುತ್ತಾರೆ. ಉಬ್ಬು ದಾಟಿದ ಮೇಲೆ ಹಿಂದಾಳಿನ ಕಾರು ಕನ್ನಡಿಯಲ್ಲಿ ಕಾಣುವವರೆಗೆ ಮುಂದಾಳು ವೇಗ ಹೆಚ್ಚಿಸಬಾರದು. ತಿರುವಿನಲ್ಲಿ ಪ್ರತಿ ಚಾಲಕನೂ ತನ್ನ ಹಿಂದಿನ ಕಾರು ಕಂಡ ಮೇಲೆಯೇ ತಿರುಗಬೇಕೆಂಬ ಒಂದು ನಿಯಮ ಇದ್ದುಬಿಟ್ಟರೆ ಫೋನಿನ ನಕಾಶೆಯ ಹಂಗೂ ಅಷ್ಟಾಗಿ ಇರುವುದಿಲ್ಲ. ಆದರೂ ಸಿಗ್ನಲ್ ಕೈಕೊಡುವ ಹಳ್ಳಿದಾರಿಗಳಿಗಾಗಿ ಕಾಗದದ ದಾರಿಪಟ್ಟಿ ಇರುವುದು ಒಳಿತು. ಪ್ರತಿ ತಿರುವಿನ ದೂರವನ್ನೂ ಅದರ ಪಕ್ಕ ಬಾಣದ ಪುಟ್ಟ ಚಿತ್ರವನ್ನೂ ಬರೆದಿಡುವ ಈ ಪದ್ಧತಿಗೆ ರ್‍ಯಾಲಿ ಲೋಕದಲ್ಲಿ, ನೆದರ್ಲೆಂಡ್ಸಿನ ಟ್ಯೂಲಿಪ್ ರ್‍ಯಾಲಿಯ ನೆನಪಿಗೆ, ಟ್ಯೂಲಿಪ್ ಚಿತ್ರವೆಂದು ಹೆಸರು.

ಲಿಂಗಸುಗೂರಿನಿಂದ ಹೊರಟು ಮಸ್ಕಿ, ಸಿಂಧನೂರುಗಳ ಮೂಲಕ ತುಂಗಭದ್ರೆಯ ದಂಡೆಯ ಮುಕ್ಕುಂದದವರೆಗೆ ಒಂದು ಕೂಡುಸವಾರಿಯನ್ನು ಕಲ್ಪಿಸಿಕೊಂಡರೆ ಅದರ ಹೆಚ್ಚಿನ ಪಾಲು ಜೇವರ್ಗಿ–ಚಾಮರಾಜನಗರ ರಾಷ್ಟ್ರೀಯ ಹೆದ್ದಾರಿ 150ಎ ಮೇಲೆ ಬೀಳುತ್ತದೆ, ಕೊನೆಯ ತುಣುಕು ಮಾತ್ರ ಹಳ್ಳಿದಾರಿ. ದಿನವನ್ನು ಆರಿಸುವುದರಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ ಆ ಮಾತೇ ಬೇಡ; ಮಳೆಗಾಲದಲ್ಲಿ ಎರೆ ಭೂಮಿ, ಅಂದರೆ ಕಪ್ಪು ಜಿಗಟು ಮಣ್ಣು, ಟೈರಿಗೆ ಪದರಪದರವಾಗಿ ಮೆತ್ತಿಕೊಂಡು ಗಾಲಿಯೇ ತಿರುಗದಂತೆ ಹಿಡಿಯುತ್ತದೆ. ಉಳಿಯುವುದು ಎಳ್ಳ ಅಮಾವಾಸ್ಯೆಯಿಂದ ಸಂಕ್ರಾಂತಿ ದಾಟುವವರೆಗಿನ ಚಳಿಯ ವಾರಗಳು. ಹಿರಿಯರು ತಮ್ಮ ಹೊಲದೂಟ, ಹೊಳೆಯೂಟಗಳನ್ನು ಇದೇ ವಾರಗಳಿಗೆ ಕಟ್ಟಿಹಾಕಿದ್ದರಲ್ಲಿ ಪಂಚಾಂಗದ ಜತೆಗೆ ನೆಲದ ತಿಳಿವಳಿಕೆಯೂ ಇತ್ತೆಂದು ತೋರುತ್ತದೆ.

ಆದರೆ ಇದೇ ಹೊತ್ತು ನೆಲ್ಲಿನ ಸುಗ್ಗಿಯ ಬೆನ್ನ ಹಿಂದೆ ಬರುತ್ತದೆ. ಹೊಸಪೇಟೆಯ ತುಂಗಭದ್ರಾ ಜಲಾಶಯ 1953ರಲ್ಲಿ ನೀರು ಬಿಡಲು ಸಿದ್ಧವಾದ ಮೇಲೆ, ಅದರ ಎಡದಂಡೆ ಕಾಲುವೆ ಜೋಳ ಹತ್ತಿಗಳ ಸಿಂಧನೂರು ಸೀಮೆಯನ್ನು ಭತ್ತದ ಕಣಜವಾಗಿ ಬದಲಿಸಿತು. ಕಾಲುವೆಯ ಬೆನ್ನು ಹಿಡಿದು ಆಂಧ್ರದಿಂದ ಬಂದ ರೈತರು ನೆಲೆಸಿದ ಊರುಗಳು ಇಂದಿಗೂ ‘ಕ್ಯಾಂಪ್’ ಎಂದೇ ಹೆಸರಾಗಿವೆ, ಅಂದಿನ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಪುನರ್ವಸತಿ ಕೊಟ್ಟ ಊರುಗಳು ಆರ್.ಎಚ್. ಕ್ಯಾಂಪ್‌ಗಳಾಗಿವೆ. ಸುಗ್ಗಿಯಲ್ಲಿ ಈ ರಸ್ತೆಗಳ ಅರ್ಧ ಅಗಲ ಕಣವಾಗುತ್ತದೆ. ಡಾಂಬರಿನ ಮೇಲೆ ಹರವಿದ ನೆಲ್ಲು, ಅದರ ಅಂಚಿಗೆ ಸಾಲಾಗಿಟ್ಟ ಕಲ್ಲುಗಳು, ಕೊಯ್ಲು ಯಂತ್ರಗಳು, ಹುಲ್ಲು ಹೇರಿ ಎರಡೂ ಬದಿಗೆ ಉಬ್ಬಿದ ಟ್ರ್ಯಾಕ್ಟರ್ ಟ್ರೇಲರುಗಳು ಇಲ್ಲಿ ದಾರಿಯ ಸಹಜ ಭಾಗಗಳೇ ಹೊರತು ಅಡಚಣೆಗಳೆಂದು ಗೊಣಗಬೇಕಾದವಲ್ಲ. ರಸ್ತೆಯ ಮೇಲೆ ಹರವಿದ ಹುಲ್ಲಿನ ಮೇಲೆ ಕಾರು ಹಾಯಿಸಿದರೆ ಒಣ ಎಳೆಗಳು ತಳದಲ್ಲಿ ತಿರುಗುವ ಭಾಗಗಳಿಗೆ ಸುತ್ತಿಕೊಂಡು, ಕಾದ ಹೊಗೆಕೊಳವೆಗೆ ತಾಗಿ ಹೊತ್ತಿಕೊಳ್ಳುವ ಅಪಾಯವಿದೆ ಎಂಬುದನ್ನು ಹೊರಡುವ ಮೊದಲೇ ಎಲ್ಲ ಚಾಲಕರಿಗೆ ತಿಳಿಸಬೇಕು. ಕೊಯ್ದ ಗದ್ದೆಯ ಕೂಳೆಯ ಮೇಲೆ ಕಾರು ನಿಲ್ಲಿಸಬಾರದೆಂಬುದಕ್ಕೂ ಇದೇ ಕಾರಣ.

ನಡುದಾರಿಯ ನಿಲುಗಡೆ ಒಂದೇ ಇರಲಿ, ಅದು ಮಸ್ಕಿಯಾಗಲಿ. ಮುದಗಲ್ಲಿನ ಕೋಟೆ, ಕೃಷ್ಣೆಯ ನಡುಗಡ್ಡೆಯ ಜಲದುರ್ಗ, ಹಟ್ಟಿಯ ಚಿನ್ನದ ಗಣಿಯ ಸೀಮೆ, ಎಲ್ಲವೂ ಹತ್ತಿರದಲ್ಲೇ ಇವೆ ಎಂಬ ಆಸೆಗೆ ಬಿದ್ದು ಒಂದೇ ದಿನಕ್ಕೆ ನಾಲ್ಕು ಜಾಗ ಪೋಣಿಸಿದರೆ ಊಟ ನಾಲ್ಕು ಗಂಟೆಗೆ ಜಾರುತ್ತದೆ. ಮಸ್ಕಿಯ ಬಂಡೆಯ ಮೇಲಿನ ಬ್ರಾಹ್ಮಿ ಶಾಸನವನ್ನು 1915ರಲ್ಲಿ ಚಿನ್ನದ ಗಣಿಗಾರಿಕೆಯ ಎಂಜಿನಿಯರ್ ಸಿ. ಬೀಡನ್ ಗುರುತಿಸಿದ. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮಿ ಲಿಪಿಯನ್ನು ಓದಿದ ನಂತರ ದೊರೆತ ಶಾಸನಗಳಲ್ಲೆಲ್ಲ ರಾಜನಿಗೆ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಷ್ಟೇ ಇದ್ದು, ಆ ರಾಜ ಅಶೋಕನೇ ಎಂಬುದಕ್ಕೆ ನೇರ ಸಾಕ್ಷ್ಯ ಸಿಕ್ಕಿದ್ದು ಮಸ್ಕಿಯಲ್ಲಿ ಆ ಹೆಸರೇ ಕೆತ್ತಿದ್ದರಿಂದ. ಮುಂದೆ ತುಂಗಭದ್ರೆಯ ಆಚೆಗಿನ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೆಗೋಳಂಗಳಲ್ಲೂ ಅದೇ ಹೆಸರು ದೊರೆಯಿತು. ಕಾರಿನಲ್ಲಿ ಕುಳಿತು ಜಡವಾದ ಕಾಲುಗಳಿಗೆ ಈ ಗುಡ್ಡದ ಅಷ್ಟಿಷ್ಟು ನಡಿಗೆ ಸರಿಯಾದ ಮದ್ದು. ಮಸ್ಕಿ ಈಗ ತಾಲ್ಲೂಕು ಕೇಂದ್ರವಾದ್ದರಿಂದ ಪೆಟ್ರೋಲ್ ಬಂಕು, ಚಹಾದಂಗಡಿಗಳಿಗೂ ಕೊರತೆಯಿಲ್ಲ. ಶೌಚಾಲಯ ಎಲ್ಲಿ ಸ್ವಚ್ಛವಾಗಿದೆ ಎಂಬುದನ್ನು ವಾರದ ಮೊದಲೇ ಹೋಗಿ ನೋಡಿ ದಾರಿಪಟ್ಟಿಯಲ್ಲಿ ಗುರುತು ಹಾಕುವುದು, ಹೆಂಗಸರು ಬರುವ ಯಾವ ವಿಹಾರದಲ್ಲೂ, ಕೋಟೆಯ ಇತಿಹಾಸಕ್ಕಿಂತ ಮುಖ್ಯ. ಗಂಡಸರೇ ತುಂಬಿದ ಸಂಘಟನಾ ಸಮಿತಿಗಳು ಇದನ್ನು ಮರೆಯುವುದೇ ಹೆಚ್ಚು.

ಮುಕ್ಕುಂದದ ಬಳಿ ಹೊಳೆ ಕಂಡೊಡನೆ ಕಾರನ್ನು ಮರಳಿನ ಅಂಚಿನವರೆಗೆ ಇಳಿಸುವ ಉಮೇದು ಬರುತ್ತದೆ. ಬಂಡಿಯವರು ಎಂದೂ ಹಾಗೆ ಮಾಡುತ್ತಿರಲಿಲ್ಲ: ಗಟ್ಟಿ ನೆಲದಲ್ಲಿ, ಮರಳುವ ದಾರಿಗೆ ಮೂಕಿ ತಿರುಗಿಸಿ ನಿಲ್ಲಿಸಿ, ಆಮೇಲೆ ಕೊಳ್ಳು ಹರಿಯುತ್ತಿದ್ದರು, ಅಂದರೆ ಎತ್ತುಗಳನ್ನು ನೊಗದಿಂದ ಬಿಡಿಸುತ್ತಿದ್ದರು. ಕಾರುಗಳೂ ಹಾಗೆಯೇ ಊರ ಕಡೆಗೆ ಮುಖ ಮಾಡಿ, ಒಂದರ ಬಾಗಿಲು ಇನ್ನೊಂದಕ್ಕೆ ತಾಗದಷ್ಟು ಜಾಗ ಬಿಟ್ಟು, ಹೊಲದ ದಾರಿಗೆ ಅಡ್ಡವಾಗದಂತೆ ನಿಲ್ಲಬೇಕು. ಯಾರದೇ ಹೊಲದ ಬದುವಾದರೂ ಹಿಂದಿನ ದಿನವೇ ಹೋಗಿ ಕೇಳಿಕೊಂಡಿರಬೇಕು, ಪಂಚಾಯಿತಿಯವರಿಗೂ ಸಮೀಪದ ಪೊಲೀಸ್ ಠಾಣೆಗೂ ಒಂದು ಮಾತು ತಿಳಿಸಿರಬೇಕು.

ನೀರಿನ ವಿಷಯದಲ್ಲಿ ಕಟ್ಟುನಿಟ್ಟು ಇನ್ನೂ ಹೆಚ್ಚು ಬೇಕು. ಇಲ್ಲಿ ಹೊಳೆಯ ಏರಿಳಿತ ನಿರ್ಧಾರವಾಗುವುದು ಮೇಲಿನ ಜಲಾಶಯದ 33 ಗೇಟುಗಳಲ್ಲಿ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋದಾಗ ಕೆಳದಂಡೆಯ ಊರುಗಳಿಗೆಲ್ಲ ಎಚ್ಚರಿಕೆ ಹೋಗಿತ್ತು. ಅದು ಮಳೆಗಾಲದ ಅಪರೂಪದ ಘಟನೆ. ಚಳಿಗಾಲದಲ್ಲಿ ಹೊಳೆ ಸೊರಗಿ ಬಂಡೆಗಳು ತಲೆ ಎತ್ತಿರುತ್ತವೆ, ನಡುವೆ ಮಡುಗಳು ಮಾತ್ರ ಉಳಿದಿರುತ್ತವೆ. ಆದರೆ ರಾಯಚೂರು ಜಿಲ್ಲೆಯ ಎರಡೂ ಹೊಳೆಗಳಲ್ಲಿ ಮೊಸಳೆಗಳಿವೆ, ಚಳಿಯಲ್ಲಿ ಬಿಸಿಲು ಕಾಯಿಸಲು ಅವು ಏರುವುದು ಅದೇ ಬಂಡೆಗಳ ಮೇಲೆ, ದೂರದಿಂದ ನೋಡಿದವರಿಗೆ ಬಂಡೆಯ ಇನ್ನೊಂದು ಮಗ್ಗುಲಿನಂತೆ ಕಾಣುವುದೂ ಉಂಟು. ಊರಿನವರು ಮೀಯುವ ಜಾಗ ಬಿಟ್ಟು ಬೇರೆಲ್ಲೂ ಯಾರೂ ಇಳಿಯಕೂಡದು, ಮಕ್ಕಳನ್ನು ನೋಡಿಕೊಳ್ಳಲೆಂದೇ ಇಬ್ಬರು ದೊಡ್ಡವರು ಸರದಿಯಲ್ಲಿ ದಂಡೆಗೆ ಕೂರಬೇಕು, ಕುಡಿಯುವ ನೀರನ್ನು ಮನೆಯಿಂದಲೇ ಕ್ಯಾನುಗಳಲ್ಲಿ ತರಬೇಕು.

ಊಟದ ವಿಷಯಕ್ಕೆ ಬಂದರೆ ಈ ಸೀಮೆಯವರಿಗೆ ಕಲಿಸಬೇಕಾದ್ದು ಏನೂ ಇಲ್ಲ. ಪಯಣಕ್ಕೆ ತಾಳಿಕೊಳ್ಳುವ ಅಡಿಗೆ ಯಾವುದು ಎಂಬುದನ್ನು ಎಳ್ಳ ಅಮಾವಾಸ್ಯೆಯ ಬುತ್ತಿ ಎಂದೋ ತೀರ್ಮಾನಿಸಿದೆ: ಎಳ್ಳು ಹಚ್ಚಿ ಬಡಿದು ಒಣಗಿಸಿದ ಕಟಕ್ ಸಜ್ಜಿ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಶೇಂಗಾ ಹೋಳಿಗೆ ಮರುದಿನ ಇನ್ನಷ್ಟು ರುಚಿಯಾಗುತ್ತದೆ, ಎಣ್ಣೆಗಾಯಿ ಬದನೆಕಾಯಿಯಲ್ಲಿ ನೀರಿನಂಶ ಕಡಿಮೆ, ಎಣ್ಣೆ ಹೆಚ್ಚು, ಪುಂಡಿಪಲ್ಯದ ಹುಳಿ ಅದನ್ನು ಕಾಯುತ್ತದೆ, ಗುರೆಳ್ಳು, ಅಗಸಿ, ಶೇಂಗಾ ಚಟ್ನಿಪುಡಿಗಳಿಗೆ ಕೆಡುವ ಭಯವೇ ಇಲ್ಲ. ಜಾಣತನ ಕಾಣುವುದು ಮೊಸರು ಬುತ್ತಿಯಲ್ಲಿ. ಬೆಳಿಗ್ಗೆ ಮೆತ್ತಗೆ ಬೇಯಿಸಿದ ಅನ್ನವನ್ನು ಆರಿಸಿ, ಕಾಯಿಸಿ ಆರಿದ ಹಾಲನ್ನು ಧಾರಾಳವಾಗಿ ಸುರಿದು, ಹೆಪ್ಪಿಗೆಂದು ಒಂದೆರಡು ಚಮಚ ಮೊಸರನ್ನಷ್ಟೇ ಬೆರೆಸಿ, ಒಗ್ಗರಣೆ ಕೊಟ್ಟು ಡಬ್ಬಿ ಮುಚ್ಚಿದರೆ, ಅದು ದಾರಿಯುದ್ದಕ್ಕೂ ಕಾರಿನ ಬಿಸುಪಿನಲ್ಲಿ ಹೆಪ್ಪಾಗುತ್ತ ಬಂದು, ಹೊಳೆದಂಡೆಯಲ್ಲಿ ತೆರೆಯುವ ಹೊತ್ತಿಗೆ ಸರಿಯಾಗಿ ಮೊಸರಾಗಿರುತ್ತದೆ. ಮನೆಯಲ್ಲೇ ಪೂರ್ತಿ ಮೊಸರು ಕಲಸಿದವರ ಬುತ್ತಿ ಅಷ್ಟರಲ್ಲಿ ಹುಳಿಯಾಗಿರುತ್ತದೆ. ಕ್ಯಾಟರಿಂಗ್‌ನವರಿಗೆ ಒಪ್ಪಿಸಿ ಪಲಾವು ತರಿಸುವುದು ಸುಲಭವೇ ಸರಿ, ಆದರೆ ಎಲ್ಲರ ತಟ್ಟೆಯಲ್ಲೂ ಒಂದೇ ಅಡಿಗೆ ಬಿದ್ದ ಮೇಲೆ ಒಬ್ಬರ ಬುತ್ತಿಗೆ ಇನ್ನೊಬ್ಬರು ಕೈ ಚಾಚುವ ಪ್ರಸಂಗವೇ ಬರುವುದಿಲ್ಲ. ಇದಕ್ಕಿರುವ ತೊಡಕೆಂದರೆ ಆ ಬುತ್ತಿಗಾಗಿ ಹಿಂದಿನ ರಾತ್ರಿ ಒಲೆಯ ಮುಂದೆ ಕೂರುವವರು ಹೆಂಗಸರೇ ಆಗಿದ್ದು, ದಂಡೆಯಲ್ಲಿ ಬಡಿಸುವವರೂ ಅವರೇ ಆಗಿಬಿಡುವುದು. ಬಡಿಸುವುದು, ತೊಳೆಯುವುದು, ಎಲೆ ಎತ್ತುವುದು ಗಂಡಸರ ಪಾಲೆಂದು ದಾರಿಪಟ್ಟಿಯಲ್ಲೇ ಅಚ್ಚು ಹಾಕಿಸುವುದು ಸೂಕ್ತ. ಮುತ್ತುಗದ ಎಲೆಯ ಪತ್ರಾವಳಿಯಾದರೆ ಮಣ್ಣಿಗೆ ಸೇರುತ್ತದೆ, ಪ್ಲಾಸ್ಟಿಕ್ ಲೋಟವಾದರೆ ಮುಂದಿನ ಸಂಕ್ರಾಂತಿಗೂ ಅಲ್ಲೇ ಇರುತ್ತದೆ. ಪ್ರತಿ ಕಾರಿಗೂ ಒಂದು ಚೀಲ ಕೊಟ್ಟು, ತಂದದ್ದನ್ನೆಲ್ಲ ಅದರಲ್ಲಿ ಹಿಂದಕ್ಕೆ ಒಯ್ಯುವಂತೆ ಮಾಡಬೇಕು.

ಹಣದ ಲೆಕ್ಕ ಚಿಕ್ಕದಾದರೂ ಒಂದು ಎಚ್ಚರ ಅಗತ್ಯ. ಬಿಳಿ ಫಲಕದ ಖಾಸಗಿ ಕಾರಿನಲ್ಲಿ ತಲೆಗಿಷ್ಟೆಂದು ಬಾಡಿಗೆ ಪಡೆದು ಜನರನ್ನು ಕೂರಿಸುವುದು ಪರವಾನಗಿಯ ನಿಯಮಕ್ಕೆ ವಿರುದ್ಧ. ಚಹಾ, ಚಾಪೆ, ಕುಡಿಯುವ ನೀರುಗಳಿಗೆ ಮನೆಗಿಷ್ಟೆಂದು ವಂತಿಗೆ ಎತ್ತಿ, ಇಂಧನವನ್ನು ಅವರವರಿಗೇ ಬಿಡುವುದು ಸರಿ. ಕಾರಿಲ್ಲದ ಮನೆಯವರನ್ನು ಖಾಲಿ ಇರುವ ಸೀಟುಗಳಿಗೆ ಹಂಚಬೇಕು. ಟ್ರೇಲರಿನಲ್ಲೋ ಸರಕಿನ ಗಾಡಿಯಲ್ಲೋ ಹತ್ತಿಸಿ ಹಿಂದೆ ಕಳಿಸುವ ರೂಢಿ ಎಷ್ಟೇ ಹಳೆಯದಾಗಿದ್ದರೂ ಅದನ್ನು ಬಿಡಬೇಕು. ಹಿಂದಾಳಿನ ಕಾರಿನಲ್ಲಿ ಹಗ್ಗ, ಟೈರಿಗೆ ಗಾಳಿ ತುಂಬುವ ಪಂಪು, ಬ್ಯಾಟರಿ ತಂತಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಲಿ. ಆಂಬುಲೆನ್ಸಿಗೆ 108, ಪೊಲೀಸ್ ಮೊದಲಾದ ತುರ್ತು ನೆರವಿಗೆ 112, ರಾಷ್ಟ್ರೀಯ ಹೆದ್ದಾರಿಯ ತೊಂದರೆಗೆ 1033 ಎಂಬ ಮೂರು ಸಂಖ್ಯೆಗಳನ್ನು ದಾರಿಪಟ್ಟಿಯ ತಲೆಯಲ್ಲೇ ಬರೆಯಬೇಕು.

ಚಳಿಗಾಲದಲ್ಲಿ ಆರು ಗಂಟೆಯ ಸುಮಾರಿಗೆಲ್ಲ ಕತ್ತಲು ಕವಿಯುತ್ತದೆ, ಆ ಹೊತ್ತಿಗೆ ಭತ್ತದ ಲಾರಿಗಳೂ ಹಿಂದೀಪವಿಲ್ಲದ ಟ್ರೇಲರುಗಳೂ ಹೆದ್ದಾರಿಗೆ ಇಳಿದಿರುತ್ತವೆ. ಹಾಗಾಗಿ ನಾಲ್ಕು ಗಂಟೆಗೆ ಚಾಪೆ ಸುತ್ತಿ, ಬಂದ ತಲೆಗಳನ್ನು ಎಣಿಸಿ, ನಾಲ್ಕೂವರೆಗೆ ಮೊದಲ ಗುಂಪು ಹೊರಡಬೇಕು. ಮರಳುವಾಗ ಸಾಲು ತಾನಾಗಿಯೇ ಕರಗುತ್ತ ಹೋಗುತ್ತದೆ: ಸಿಂಧನೂರಿನವರು ಮೊದಲು ಕಳಚಿಕೊಳ್ಳುತ್ತಾರೆ, ಮಸ್ಕಿಯಲ್ಲಿ ಇನ್ನು ಕೆಲವರು, ಲಿಂಗಸುಗೂರಿನವರು ಕೊನೆಗೆ. ಕಳಚಿಕೊಂಡ ಪ್ರತಿಯೊಬ್ಬರೂ ಮನೆ ಮುಟ್ಟಿದ ಮೇಲೆ ಮುಂದಾಳಿಗೆ ಒಂದು ಕರೆ ಮಾಡಬೇಕು, ಅವನು ತನ್ನ ಪಟ್ಟಿಯಲ್ಲಿ ಆ ಹೆಸರಿಗೆ ಗೆರೆ ಎಳೆಯುತ್ತ ಹೋಗಬೇಕು. ಹಿಂದಾಳಿನ ಹೆಸರಿಗೆ ಗೆರೆ ಬೀಳುವುದು ಎಲ್ಲರದಕ್ಕಿಂತ ಕೊನೆಗೆ. ಅಲ್ಲಿಯವರೆಗೆ ಮುಂದಾಳು ಕಾರಿನ ಕೀಲಿಕೈಯನ್ನು ಗೂಟಕ್ಕೆ ತೂಗುಹಾಕುವಂತಿಲ್ಲ.